ಎಳೆದುಕೊಂಡ ಉಸಿರು ಏನಾಗುತ್ತದೆ?

ಪ್ರಶ್ನೆ: ಹೊಟ್ಟೆ ತುಂಬ ಮುದ್ದೆ ಉಂಡಿದ್ದರೂ ಉಸಿರು ಕಟ್ಟಿದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಶಕ್ತಿ ಕೊಡುವುದು ಊಟವಾದರೆ ಹೀಗೇಕೆ? ನಾವು ಎಳೆದುಕೊಂಡ ಆಮ್ಲಜನಕವೇ ಇಂಗಾಲದ ಡೈಆಕ್ಸೈಡ್ ಆಗಿ ವಾಪಸ್ ಬರುತ್ತದೆ, ಅಲ್ವಾ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಅಲ್ಲ. ನೀವು ಎಳೆದುಕೊಂಡ ಆಮ್ಲಜನಕ ಜೀವಕೋಶದೊಳಗೆ ನೀರಾಗುತ್ತದೆ. ಹೊರಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿರುವ ಆಮ್ಲಜನಕ ಬಂದದ್ದು ಊಟದಿಂದ, ಮತ್ತೆ ಜೀವಕೋಶದಲ್ಲೇ ಇದ್ದ ನೀರಿನಿಂದ. ಶಾಲೆಯ ಪುಸ್ತಕ ಎಲ್ಲವನ್ನೂ ಒಂದೇ ಸಾಲಿನ ಸಮೀಕರಣದಲ್ಲಿ ಬರೆದು ಮುಗಿಸುತ್ತದೆ. ಈ ಗೊಂದಲ ಅಲ್ಲಿಂದಲೇ ಶುರು.

ಮುದ್ದೆಯ ಪಿಷ್ಟ ಕರಗಿ ಗ್ಲೂಕೋಸ್ ಆಗುತ್ತದೆ. ಜೀವಕೋಶ ಅದನ್ನು ಮೊದಲು ಎರಡು ತುಂಡು ಮಾಡುತ್ತದೆ. ಇದಕ್ಕೆ ಆಮ್ಲಜನಕ ಬೇಕಾಗಿಲ್ಲ, ಆದರೆ ಸಿಗುವುದೂ ಎರಡೇ ಎರಡು ಎಟಿಪಿ. ಎಟಿಪಿ ಅಂದರೆ ಜೀವಕೋಶ ನೇರವಾಗಿ ಖರ್ಚು ಮಾಡಬಲ್ಲ ಶಕ್ತಿಯ ಕಣ. (ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ 1929ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ಇದನ್ನು ಕಂಡುಹಿಡಿದವರಲ್ಲಿ ಒಬ್ಬರು. ನಮ್ಮಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ.)

ಆ ತುಂಡುಗಳು ಜೀವಕೋಶದೊಳಗಿನ ಶಕ್ತಿ ಕೇಂದ್ರವಾದ ಮೈಟೋಕಾಂಡ್ರಿಯಾದೊಳಗೆ ಹೋಗುತ್ತವೆ. ಅಲ್ಲಿ ಇಂಗಾಲವೆಲ್ಲ ಕಳಚಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರ ಇದೇ. ಇಲ್ಲೂ ನೇರ ಸಂಪಾದನೆ ಜಾಸ್ತಿ ಇಲ್ಲ. ನಿಜವಾದ ಗಳಿಕೆ ಗ್ಲೂಕೋಸ್‌ನಿಂದ ಕಿತ್ತುಕೊಂಡ ಎಲೆಕ್ಟ್ರಾನ್‌ಗಳಲ್ಲಿದೆ. ಅವು ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ, ಆಗ ಬಿಡುವ ಶಕ್ತಿಯಿಂದ ಪ್ರೋಟಾನ್‌ಗಳು ಪೊರೆಯ ಆಚೆಗೆ ತಳ್ಳಲ್ಪಟ್ಟು, ಲಿಂಗನಮಕ್ಕಿಯಲ್ಲಿ ನೀರು ನಿಂತ ಹಾಗೆ ಒತ್ತಿಕೊಂಡು ನಿಲ್ಲುತ್ತವೆ. ವಾಪಸ್ ನುಗ್ಗಲು ಇರುವ ಮುಖ್ಯ ದಾರಿ ಒಂದು ಪುಟಾಣಿ ಟರ್ಬೈನು. ಅದು ನಿಜವಾಗಿಯೂ ಗರಗರ ತಿರುಗುತ್ತದೆ, ಮಾತಿಗೆ ಹೇಳುತ್ತಿಲ್ಲ. ತಿರುಗಿದಾಗ ಎಟಿಪಿ ತಯಾರು. ಪೊರೆಯಾಚೆಯ ಈ ಪ್ರೋಟಾನ್ ಒತ್ತಡದಿಂದಲೇ ಎಟಿಪಿ ಆಗುತ್ತದೆ ಎಂದು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಬಹಳಷ್ಟು ವಿಜ್ಞಾನಿಗಳು ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು.

ಈಗ ನಿಮ್ಮ ಮೊದಲ ಪ್ರಶ್ನೆ. ಆ ಪ್ರೋಟೀನುಗಳ ಸಾಲಿನ ಕೊನೆಗೆ ಬಂದ ಎಲೆಕ್ಟ್ರಾನ್‌ಗಳನ್ನು ಯಾರಾದರೂ ತೆಗೆದುಕೊಳ್ಳಬೇಕಲ್ಲ? ಆಮ್ಲಜನಕದ ಕೆಲಸ ಅಷ್ಟೇ. ಎಲೆಕ್ಟ್ರಾನ್, ಪ್ರೋಟಾನ್ ಸೇರಿಸಿಕೊಂಡು ಅದು ನೀರಾಗುತ್ತದೆ. ಅದು ಬರದಿದ್ದರೆ ಇಡೀ ಸಾಲು ಅಲ್ಲಲ್ಲೇ ನಿಂತುಹೋಗುತ್ತದೆ, ಹಿಂದಿನ ಚಕ್ರವೂ ನಿಲ್ಲುತ್ತದೆ. ಒಂದು ಗ್ಲೂಕೋಸ್‌ಗೆ ಸುಮಾರು 30 ಎಟಿಪಿ ಸಿಗುತ್ತಿದ್ದ ಕಡೆ ಬರೀ 2. ಎಟಿಪಿಯನ್ನು ಕೂಡಿಡೋಣ ಅಂದರೆ ಅದೂ ಆಗುವುದಿಲ್ಲ. ಇರುವ ಸ್ವಲ್ಪವನ್ನೇ ದೇಹ ಮತ್ತೆ ಮತ್ತೆ ತಯಾರಿಸಿ, ದಿನಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟು ಎಟಿಪಿ ಬಳಸುತ್ತದೆ. ಮಿದುಳಿಗೆ ಈ ಕೊರತೆ ತಡೆಯುವುದಿಲ್ಲ. ಹಾಗಾಗಿ ಹೊಟ್ಟೆಯಲ್ಲಿ ಮುದ್ದೆ ಇದ್ದರೂ ಉಪಯೋಗವಿಲ್ಲ.

ತಮಾಷೆ ನೋಡಿ, ಎಲ್ಲರಿಗೂ ಆಮ್ಲಜನಕ ಹೊತ್ತು ತರುವ ಕೆಂಪು ರಕ್ತಕಣಕ್ಕೆ ಮೈಟೋಕಾಂಡ್ರಿಯಾನೇ ಇಲ್ಲ. ಅದು ಆ ಎರಡು ಎಟಿಪಿಯಲ್ಲೇ ಸಂಸಾರ ಮಾಡುತ್ತದೆ.

ಪ್ರಶ್ನೆ: ಜಿಮ್‌ಗೆ ಹೋದ ಮಾರನೇ ದಿನ ಬರುವ ಮೈಕೈ ನೋವು ಲ್ಯಾಕ್ಟಿಕ್ ಆಮ್ಲದಿಂದಲಾ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸುಮ್ನೆ ಅದರ ಮೇಲೆ ಆಪಾದನೆ. ಜೋರಾಗಿ ಕಸರತ್ತು ಮಾಡುವಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ (ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಹೆಚ್ಚುವುದು ನಿಜ. ಆದರೆ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಅದು ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ಯಕೃತ್ತು ಅದರಲ್ಲಿ ಒಂದಷ್ಟನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ, ಹೃದಯ ಅದನ್ನೇ ಇಂಧನವಾಗಿ ಬಳಸುತ್ತದೆ. ಮಾರನೇ ದಿನದ ನೋವಿಗೆ ಕಾರಣ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣಪುಟ್ಟ ಪೆಟ್ಟು, ಅದರಿಂದ ಬಂದ ಉರಿಯೂತ. ಕೆಲವು ದಿನದಲ್ಲಿ ಹೋಗುತ್ತದೆ.