ಸರ್ಕಾರಿ ಕಾಮಗಾರಿಯ ಬಿಲ್ ಬಾಕಿ: ಮನವಿ ಕೊಡುತ್ತಾ ಕುಳಿತರೆ ಗಡುವು ಮೀರುತ್ತದೆ

ಶಾಲಾ ಕಟ್ಟಡ ಮುಗಿಸಿ ಎರಡೂವರೆ ವರ್ಷವಾದರೂ ಅಂತಿಮ ಬಿಲ್ ಪಾವತಿಯಾಗಿಲ್ಲ, ಎಂಜಿನಿಯರ್ ಬಾಯಿಮಾತಿನಲ್ಲಿ ಹೇಳಿ ಕಟ್ಟಿಸಿದ ಕಾಂಪೌಂಡ್ ಗೋಡೆಗೆ ಕಾರ್ಯಾದೇಶವೇ ಇಲ್ಲ ಎಂದು ರಾಜ್ಯ ಸರ್ಕಾರದ ಇಲಾಖೆ ಹೇಳುತ್ತಿದೆ, ಮನವಿ ಕೊಡುತ್ತಲೇ ಇದ್ದೇನೆ, ಮುಂದೇನು ಎಂದು ಕೇಳಿದ್ದೀರಿ. ನಾನು ಗುತ್ತಿಗೆದಾರರ ಬಿಲ್ ಪ್ರಕರಣಗಳನ್ನು ನಡೆಸುವ ವಕೀಲ. ಗೋಡೆಯ ವಿಷಯ ಆಮೇಲೆ ನೋಡೋಣ. ಮೊದಲು ಆ ಎರಡೂವರೆ ವರ್ಷದ ಕಡೆ ಗಮನ ಕೊಡಿ.

ಪಾವತಿಗೆ ದಿನ ಗೊತ್ತುಪಡಿಸದ ಕೆಲಸದ ಹಣ ಕೇಳಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಕೆಲಸ ಮುಗಿದಂದಿನಿಂದ 3 ವರ್ಷ. ನೀವು ಎಷ್ಟು ಮನವಿ ಕೊಟ್ಟರೂ, ಅಧಿಕಾರಿ ಬಾಯಿಮಾತಿನಲ್ಲಿ ಎಷ್ಟು ಸಲ ಭರವಸೆ ಕೊಟ್ಟರೂ ಆ ಗಡುವು ಮುಂದಕ್ಕೆ ಹೋಗುವುದಿಲ್ಲ. ಮಾತುಕತೆ ನಡೆಯುತ್ತಿತ್ತು ಎಂಬ ಕಾರಣಕ್ಕೆ ಕಾಲಮಿತಿ ಬೆಳೆಯದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಬಿ ಅಂಡ್ ಟಿ ಎಜಿ ಕಂಪನಿ ಮತ್ತು ರಕ್ಷಣಾ ಸಚಿವಾಲಯದ ನಡುವಿನ ಪ್ರಕರಣದಲ್ಲಿ ಮತ್ತೆ ಹೇಳಿದೆ. ಪ್ರಾಮಾಣಿಕವಾಗಿ ಕೆಲಸ ಮಾಡಿದವರು ಅಧಿಕಾರಿಯ ಮುಲಾಜಿಗೆ ಬಿದ್ದು ಸುಮ್ಮನಿದ್ದು ಹಕ್ಕು ಕಳೆದುಕೊಳ್ಳುವುದನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ.

ಉಳಿದಿರುವ ಆರು ತಿಂಗಳಲ್ಲಿ ಒಂದು ಹಿಂಬರಹ, ಅಂದರೆ ಇಲಾಖೆಯ ಲಿಖಿತ ಉತ್ತರ, ಪಡೆಯಲು ಪ್ರಯತ್ನಿಸಿ. ‘ಇಷ್ಟು ಮೊತ್ತ ಬಾಕಿ ಇದೆ, ಅನುದಾನ ಬಂದ ಮೇಲೆ ಪಾವತಿಸಲಾಗುವುದು’ ಎಂದು ಅಧಿಕಾರವುಳ್ಳ ಅಧಿಕಾರಿ ಗಡುವಿನೊಳಗೆ ಬರೆದು ಸಹಿ ಮಾಡಿದರೆ, ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಗಡುವು ಮುಗಿದ ಮರುದಿನ ಅದೇ ಕಾಗದ ಬಂದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ. ಟಪಾಲು ವಿಭಾಗದ ಸ್ವೀಕೃತಿ ಮೊಹರು ಬಾಕಿಯ ಒಪ್ಪಿಗೆಯಲ್ಲ, ಅದನ್ನು ನಂಬಿ ಕೂರಬೇಡಿ. ಜೊತೆಗೆ ಮಾಡಿದ ಕೆಲಸದ ಲೆಕ್ಕ ಬರೆಯುವ ಅಳತೆ ಪುಸ್ತಕದ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಇಂದೇ ಕೇಳಿ.

ಇನ್ನು ಗೋಡೆ. ಸಂವಿಧಾನದ 299ನೇ ವಿಧಿಯಂತೆ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ ಲಿಖಿತವಾಗಿರಬೇಕು. ಎಂಜಿನಿಯರ್ ಬಾಯಲ್ಲಿ ಹೇಳಿದ್ದು ಕರಾರಾಗದು. ಹಾಗೆಂದು ಎದೆಗುಂದಬೇಡಿ. 1944ರಲ್ಲಿ ಬಂಗಾಳದ ಆರಾಮ್‌ಬಾಗ್ ಮತ್ತು ಖಾನಾಕುಲ್‌ನಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಸಂಸ್ಥೆ ಸರ್ಕಾರಿ ಅಧಿಕಾರಿಗಳು ಕೇಳಿದಂತೆ ನಾಗರಿಕ ಸರಬರಾಜು ಇಲಾಖೆಗೆ ಕಚ್ಚಾ ರಸ್ತೆ, ಕಾವಲುಗಾರರ ಕೋಣೆ, ಅಡುಗೆಮನೆ, ದಾಸ್ತಾನು ಶೆಡ್‌ಗಳನ್ನು ಕಟ್ಟಿಕೊಟ್ಟಿತು. ಇಲಾಖೆ ಅವನ್ನು ಬಳಸಿಕೊಂಡಿತು. ಬಿಲ್ ಕೇಳಿದಾಗ ವಿಧಿಬದ್ಧ ಕರಾರಿಲ್ಲ ಎಂದಿತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಗುತ್ತಿಗೆದಾರನ ಪರ ನಿಂತಿತು. ಪುಕ್ಕಟೆಯೆಂದು ಭಾವಿಸದೆ, ಕಾನೂನುಬದ್ಧವಾಗಿ ಮಾಡಿಕೊಟ್ಟ ಕೆಲಸವನ್ನು ಒಪ್ಪಿ ಅನುಭವಿಸಿದವರು ಪರಿಹಾರ ಕೊಡಲೇಬೇಕು ಎಂಬ ಕರಾರು ಕಾಯ್ದೆಯ 70ನೇ ಸೆಕ್ಷನ್ ಸರ್ಕಾರಕ್ಕೂ ಅನ್ವಯಿಸುತ್ತದೆ ಎಂದಿತು. ನಿಮ್ಮ ವಾದ ಇದರ ಮೇಲೆಯೇ ನಿಲ್ಲಬೇಕು. ಗೋಡೆಯ ಫೋಟೊ, ಸಿಮೆಂಟ್ ಮತ್ತು ಕಲ್ಲಿನ ಬಿಲ್, ಕೂಲಿ ಲೆಕ್ಕ, ಎಂಜಿನಿಯರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವನ್ನೂ ಜೋಪಾನ ಮಾಡಿ.

ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ನಿಮ್ಮ ಮೊತ್ತ 3 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದಿದ್ದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುವ ವಿವಾದ. ತುರ್ತು ಮಧ್ಯಂತರ ಆದೇಶ ಬೇಡದಿದ್ದಲ್ಲಿ ಮೊದಲು ರಾಜಿ ಸಂಧಾನ ಕಡ್ಡಾಯ. ಅದನ್ನು ಬಿಟ್ಟು ನೇರವಾಗಿ ಹೂಡಿದ ದಾವೆಯನ್ನು ತಿರಸ್ಕರಿಸಬೇಕು ಎಂದು ಸುಪ್ರೀಂ ಕೋರ್ಟಿನ 2022ರ ಪಾಟೀಲ್ ಆಟೊಮೇಷನ್ ತೀರ್ಪು ಹೇಳುತ್ತದೆ. ಈ ಅವಧಿಗಳನ್ನು ಕಾಲಮಿತಿಯ ಲೆಕ್ಕದಿಂದ ಕಳೆಯುತ್ತಾರೆ, ಆದರೂ ಕೊನೆಯ ವಾರದವರೆಗೆ ಎಳೆಯಬೇಡಿ.

ಮುಖ್ಯ ಕರಾರಿನಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತಿದೆಯೇ ಎಂದು ನೋಡಿ ಇಲ್ಲಿಯೇ ತಿಳಿಸಿ. ಇದ್ದರೆ ದಾರಿ ಬೇರೆಯಾಗುತ್ತದೆ, 3 ವರ್ಷದ ಲೆಕ್ಕ ಮಾತ್ರ ಅದಕ್ಕೂ ಇದೆ.