ಮನೆಯವರಿಗೆ ಕೌದಿ ಹೊಲಿಯಲು ಕಲಿಸುವುದು ಹೇಗೆ?

ನಿಮ್ಮ ತಾಯಿಯವರಿಗೆ, ತಂಗಿಗೆ ಮತ್ತು ಹತ್ತು ವರ್ಷದ ಮಗಳಿಗೆ ಕೌದಿ ಕಲಿಸಬೇಕೆಂದು ಡಬಲ್ ಕಾಟ್ ಅಳತೆಗೆ ಹೊಸ ಬಟ್ಟೆ ತಂದು, ನಡುವೆ ಹತ್ತಿ ಹರಡಿ ಆರಂಭಿಸಿದಿರಿ. ತಿಂಗಳು ತುಂಬುವುದರೊಳಗೆ ಮೂವರೂ ಸೂಜಿ ಕೆಳಗಿಟ್ಟರು. ಅವರಿಗೆ ತಾಳ್ಮೆಯಿಲ್ಲವೋ, ಕಲಿಸುವ ಕ್ರಮವೇ ಸರಿಯಿಲ್ಲವೋ ಎಂದು ಕೇಳಿದ್ದೀರಿ. ನಾನು ಶಿಡ್ಲಘಟ್ಟದವಳು. ಸೊಸೆಗೆ, ನಾದಿನಿಯ ಮಕ್ಕಳಿಗೆ, ಅಕ್ಕಪಕ್ಕದ ಮನೆಗಳ ಹೆಂಗಸರಿಗೆ ಕೌದಿ (ನಮ್ಮ ಹಿರಿಯರ ಬಾಯಲ್ಲಿ ಬೊಂತೆ) ಹೊಲಿಯುವುದನ್ನು ಕಲಿಸುತ್ತ ಬಂದಿದ್ದೇನೆ. ಕಲಿಯುವವರು ನಡುವೆ ಕೈಬಿಟ್ಟರೆ ಹೆಚ್ಚಿನ ಸಲ ಅದಕ್ಕೆ ಎರಡು ಕಾರಣಗಳಿರುತ್ತವೆ: ಅಳತೆ ಕೈಗೆ ಮೀರಿರುತ್ತದೆ, ಬಟ್ಟೆ ಸೂಜಿಗೆ ಬಗ್ಗುವುದಿಲ್ಲ. ಅಳತೆಯನ್ನೂ ಬಟ್ಟೆಯನ್ನೂ ಗೊತ್ತುಮಾಡುವವರು ಕಲಿಸುವವರೇ ಆದ್ದರಿಂದ, ನಿಮ್ಮ ಕೆಲಸದ ದೊಡ್ಡ ಪಾಲು ಅವರು ಸೂಜಿ ಹಿಡಿಯುವ ಮುಂಚೆಯೇ ಮುಗಿದಿರಬೇಕು.

ಮೊದಲು ಬಟ್ಟೆಯ ಮಾತು. ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೇಯ್ಗೆ ಬಿಗಿಯಾಗಿರುತ್ತದೆ. ಮೂರು ಪದರ ಸೇರಿದಾಗ ಪ್ರತಿ ಹೊಲಿಗೆಗೂ ಸೂಜಿಯನ್ನು ಬಲವಾಗಿ ತಳ್ಳಬೇಕಾಗಿ, ಅಭ್ಯಾಸವಿಲ್ಲದವರ ಬೆರಳ ತುದಿ ಅರ್ಧ ಗಂಟೆಯಲ್ಲೇ ನೋಯತೊಡಗುತ್ತದೆ. ವರ್ಷಗಟ್ಟಲೆ ಉಟ್ಟು ಒಗೆದ ಹತ್ತಿಯ ಸೀರೆ, ಪಂಚೆ, ಹಾಸಿಗೆ ಹೊದಿಕೆಗಳು ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು, ಸೂಜಿಗೆ ಸುಲಭವಾಗಿ ದಾರಿ ಕೊಡುತ್ತವೆ. ಮೊದಲ ಕೌದಿಗೆ ಸೀರೆಯ ಮೂರು ಪದರ ಸಾಕು. ಬಿಡಿ ಹತ್ತಿಯನ್ನು ತುಂಬಲೇಬೇಡಿ. ಹೊಲಿಗೆಯ ಸಾಲುಗಳು ಒತ್ತಾಗಿರದಿದ್ದರೆ ಹತ್ತಿ ಒಂದೆರಡು ಒಗೆತಕ್ಕೆ ಮೂಲೆಗೆ ಸರಿದು ಗಡ್ಡೆ ಕಟ್ಟುತ್ತದೆ, ಅಷ್ಟು ಒತ್ತಾಗಿ ಹೊಲಿಯುವುದು ಹೊಸಬರಿಂದ ಆಗುವ ಕೆಲಸವಲ್ಲ. ಜೀನ್ಸ್, ಟೀ ಶರ್ಟು, ಪಾಲಿಯೆಸ್ಟರ್ ಇವನ್ನೂ ಈಗ ದೂರವಿಡಿ.

ನಮ್ಮೂರಿನಲ್ಲಿ ಕಲಿಯಲು ಬರುವವರೆಲ್ಲರಿಗೂ ರೇಷ್ಮೆಯ ಮೇಲೆ ಆಸೆ. ಬೀದಿಬೀದಿಯಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ಘಟಕಗಳಿರುವ ಊರು. ಪೆಟ್ಟಿಗೆಯಲ್ಲಿ ಒಂದಾದರೂ ಹಳೆಯ ರೇಷ್ಮೆ ಸೀರೆ ಇಲ್ಲದ ಮನೆ ಕಡಿಮೆ. ಆದರೆ ರೇಷ್ಮೆ ಕೈಯಲ್ಲಿ ಜಾರುತ್ತದೆ, ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತದೆ, ಹಳತಾದದ್ದು ಮಡಿಕೆಯಲ್ಲೇ ಸೀಳುತ್ತದೆ, ಜರಿಯ ಅಂಚು ಮೈಗೆ ಚುಚ್ಚುತ್ತದೆ. ಎರಡನೆಯ ಅಥವಾ ಮೂರನೆಯ ಕೌದಿಗೆ, ಹತ್ತಿಯ ಬಟ್ಟೆಯ ಮೇಲೆ ಹಚ್ಚುವ ತೇಪೆಯಾಗಿ ಅದನ್ನು ಬಳಸಬಹುದು ಎಂದು ಹೇಳಿ ಸೀರೆಯನ್ನು ತೆಗೆದಿರಿಸಿಕೊಳ್ಳುತ್ತೇನೆ. ಬಿಚ್ಚಾಣಿಕೆಯಲ್ಲಿ ದುಡಿದ ಹೆಂಗಸರು ಕಲಿಯಲು ಬಂದಾಗ ನನಗೆ ಕಲಿಸುವ ಶ್ರಮವೇ ಕಡಿಮೆ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆಯನ್ನು ಹುಡುಕಿ ಹಿಡಿದ ಬೆರಳುಗಳಿಗೆ ದಾರದ ಬಿಗಿತವನ್ನು ಹೇಳಿಕೊಡುವುದೇನೂ ಉಳಿದಿರುವುದಿಲ್ಲ.

ಅಳತೆಗೆ ಬರೋಣ. ಮೊದಲ ಕೆಲಸ ಒಂದೂವರೆ ಅಡಿ ಚೌಕದ ಕುರ್ಚಿಯ ಹಾಸಾಗಲಿ, ಹೆಚ್ಚೆಂದರೆ ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲದ ಕೂಸಿನ ಕೌದಿಯಾಗಲಿ. ಅರ್ಧಕ್ಕೆ ನಿಂತಿರುವ ನಿಮ್ಮ ಡಬಲ್ ಕಾಟ್ ಕೌದಿಯನ್ನು ಬಿಚ್ಚಿ, ಹತ್ತಿಯನ್ನು ದಿಂಬಿಗೆ ತುಂಬಿ, ಬಟ್ಟೆಯ ಗಂಜಿ ಹೋಗುವವರೆಗೆ ಒಗೆದು ಮಡಚಿಡಿ. ಮೂವರೂ ಒಂದೊಂದು ಚಿಕ್ಕ ಕೌದಿ ಮುಗಿಸಿದ ಮೇಲೆ ಅದು ಕೆಲಸಕ್ಕೆ ಬರುತ್ತದೆ.

ಪದರಗಳನ್ನು ಹಾಸುವುದನ್ನು ಮಾತ್ರ ಮೊದಲ ಸಲ ನೀವೇ ಮಾಡಿ ತೋರಿಸಿ, ಏಕೆಂದರೆ ಇಲ್ಲಿ ಉಳಿದ ಸುಕ್ಕು ಕೊನೆಯವರೆಗೂ ಹೋಗುವುದಿಲ್ಲ. ಗುಡಿಸಿ ಒರೆಸಿದ ನೆಲದ ಮೇಲೆ ಕೆಳಪದರವನ್ನು ಹರಡಿ, ನಾಲ್ಕು ಮೂಲೆಗೂ ಭಾರವಿಟ್ಟು, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರುತ್ತ ಒಂದರ ಮೇಲೊಂದು ಪದರವನ್ನು ಕೂರಿಸಬೇಕು. ಅನಂತರ ನಡುವಿನಿಂದಲೇ ಆರಂಭಿಸಿ ನಾಲ್ಕು ಬೆರಳಗಲದ ಉದ್ದುದ್ದ ಕಚ್ಚಾ ಹೊಲಿಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಹಾಕಬೇಕು. ದಾರ ಬೆರಳ ತುದಿಯಿಂದ ಮೊಣಕೈಯವರೆಗೆ, ಅಂದರೆ ಒಂದು ಮೊಳವಿದ್ದರೆ ಸಾಕು. ಪದೇಪದೇ ಪೋಣಿಸುವ ಬೇಸರಕ್ಕೆ ಎಲ್ಲರೂ ಮಾರುದ್ದ ದಾರ ತೆಗೆದುಕೊಳ್ಳುತ್ತಾರೆ, ಅದು ಗಂಟಾಗಿ, ಬಿಡಿಸುವುದರಲ್ಲೇ ಸಂಜೆ ಕಳೆಯುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಕಡಿಮೆಯಾಗುತ್ತದೆ. ಸೂಜಿಯಲ್ಲೂ ಹೊಲಿಗೆ ದಾರದಲ್ಲೂ ನಂಬರ್ ಹೆಚ್ಚಿದಂತೆ ದಪ್ಪ ಕಡಿಮೆಯಾಗುತ್ತದೆ ಎಂಬುದು ಅಂಗಡಿಗೆ ಹೋಗುವಾಗ ನೆನಪಿರಲಿ. ಗೋಣಿಚೀಲ ಹೊಲಿಯುವ ದಬ್ಬಳವನ್ನು ಯಾರಿಗೂ ಕೊಡಬೇಡಿ. ಅದು ಹಳೆಯ ಬಟ್ಟೆಯಲ್ಲಿ ಮುಚ್ಚದ ತೂತು ಉಳಿಸುತ್ತದೆ. ಮತ್ತೊಂದು ಸೂಚನೆ: ಬಟ್ಟೆಯ ಬಣ್ಣಕ್ಕೆ ಎದ್ದು ಕಾಣುವ ದಾರವನ್ನು ಕೊಡಿ. ತನ್ನ ಹೊಲಿಗೆ ತನಗೆ ಕಾಣಿಸಿದರೆ ಕೈ ಬೇಗ ತಿದ್ದಿಕೊಳ್ಳುತ್ತದೆ.

ಹೊಲಿಯುವ ಕ್ರಮದಲ್ಲಿ ನಾನು ಉತ್ತರ ಕನ್ನಡದ ಸಿದ್ದಿ ಹೆಂಗಸರ ದಾರಿಯನ್ನು ಹಿಡಿದಿದ್ದೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಅವರು ತಮ್ಮ ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತು ಬರುತ್ತ, ತುಂಡುಗಳ ಅಂಚನ್ನು ಒಳಕ್ಕೆ ಮಡಚಿ ಒಂದೊಂದಾಗಿ ಸೇರಿಸುತ್ತ, ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಲ್ಲಿ ಮಡಚಿದ ಪುಟ್ಟ ಬಟ್ಟೆಯ ಫುಲ, ಅಂದರೆ ಹೂವು, ಇಲ್ಲದೆ ಕವಂದಿ ಪೂರ್ಣವಾಗದು. ಈ ಕ್ರಮದಲ್ಲಿ ಮೇಲಿನ ತೇಪೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕಾಗಿಲ್ಲ, ಅಂಚು ಮೊದಲೇ ಭದ್ರವಾಗುತ್ತದೆ, ದೊಡ್ಡ ಕೌದಿಯಾದರೆ ಇಬ್ಬರು ಎದುರುಬದುರು ಕೂತು ಮಾತನಾಡುತ್ತ ಹೊಲಿಯಬಹುದು. ಮನೆಯವರಿಗೆ ಕಲಿಸುವಾಗ ಈ ಕೊನೆಯ ಅನುಕೂಲವೇ ನನಗೆ ದೊಡ್ಡದಾಗಿ ಕಾಣುತ್ತದೆ. ದಾರವನ್ನು ಬಿಗಿಯಾಗಿ ಎಳೆದರೆ ನಡುಭಾಗ ಉಬ್ಬಿಕೊಳ್ಳುವುದರಿಂದ, ಪ್ರತಿ ಸುತ್ತು ಮುಗಿದಾಗಲೂ ನೆಲದ ಮೇಲೆ ಹರಡಿ ಸವರಿ ನೋಡುವುದನ್ನು ಅಭ್ಯಾಸ ಮಾಡಿಸಿ. ಸಾಲಿನಿಂದ ಸಾಲಿಗೆ ಒಂದು ಬೆರಳಗಲವಿದ್ದರೆ ಸಾಕು.

ಅವರ ಹೊಲಿಗೆಯನ್ನು ನೀವು ಬಿಚ್ಚಬೇಡಿ. ಇದನ್ನು ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ. ಅತ್ತೆ ತನ್ನ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದ್ದನ್ನು ಕಂಡ ಸೊಸೆ ಆ ಕೌದಿಯನ್ನು ಇನ್ನು ತನ್ನದೆಂದು ತಿಳಿಯುವುದಿಲ್ಲ. ಪದರ ಸಿಕ್ಕದೆ ಮೇಲೆಯೇ ಓಡಿದ ಹೊಲಿಗೆಯನ್ನು ಮಾತ್ರ ಹಿಂಬದಿ ತಿರುಗಿಸಿ ತೋರಿಸಿ, ಅವರೇ ಸರಿಮಾಡಲಿ. ಉದ್ದ ಗಿಡ್ಡ ಆದದ್ದು, ಸಾಲು ಸೊಟ್ಟಗಾದದ್ದು ಹಾಗೆಯೇ ಇರಲಿ, ಕೌದಿ ಅದರಿಂದ ಹಾಳಾಗುವುದಿಲ್ಲ.

ಮಗಳಿಗೆ ಬೇರೆಯದೇ ಒಂದು ಕೆಲಸ ಕೊಡಬಹುದು. ನಾಲ್ಕೂವರೆ ಇಂಚಿನ ಒಂಬತ್ತು ಚೌಕಗಳನ್ನು ಕತ್ತರಿಸಿಕೊಟ್ಟು, ಕಾಲು ಇಂಚು ಅಂಚು ಬಿಟ್ಟು ಮೂರು ಮೂರರಂತೆ ಜೋಡಿಸಲು ಹೇಳಿ, 13.5 ಇಂಚು ಇರಬೇಕಾದದ್ದು 12.5 ಇಂಚಿಗೆ ಇಳಿದದ್ದೇಕೆಂದು ಅವಳೇ ಲೆಕ್ಕ ಹಾಕಲಿ. ಎರಡು ಜೋಡಣೆಗಳು ಅರ್ಧರ್ಧ ಇಂಚು ತಿಂದಿವೆ ಎಂದು ತಾನೇ ಕಂಡುಕೊಂಡ ಮಗು ಮುಂದೆ ಅಂಚಿನ ಅಳತೆಯನ್ನು ಮರೆಯುವುದಿಲ್ಲ. ತಾಯಿಯವರ ದೃಷ್ಟಿ ಮಂದವಾಗಿದ್ದರೆ ಐದಾರು ಸೂಜಿಗಳಿಗೆ ಮೊದಲೇ ದಾರ ಪೋಣಿಸಿಡುವ ಜವಾಬ್ದಾರಿಯೂ ಅವಳದೇ ಇರಲಿ. ಆದರೆ ಕೂರುವಾಗ ಎಷ್ಟು ಸೂಜಿ ಇದ್ದವೋ ಏಳುವಾಗಲೂ ಅಷ್ಟೇ ಇವೆಯೇ ಎಂದು ಎಣಿಸುವ ಕೆಲಸ ದೊಡ್ಡವರದು. ಒಂದು ಕಡಿಮೆಯಾದರೆ ಅಯಸ್ಕಾಂತವನ್ನು ನೆಲದ ಮೇಲೂ ಕೌದಿಯ ಮೇಲೂ ಆಡಿಸಿ, ಸಿಗುವವರೆಗೆ ಯಾರೂ ಅದನ್ನು ಹೊದೆಯಬಾರದು.

ಹೊತ್ತನ್ನೂ ಮನೆಯ ದುಡಿಮೆ ನೋಡಿಕೊಂಡು ಗೊತ್ತುಮಾಡಿ. ನಮ್ಮಲ್ಲಿ ರೇಷ್ಮೆಹುಳು ನಾಲ್ಕನೆಯ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದ ಮೇಲೆ ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಏರುವವರೆಗಿನ ವಾರದಲ್ಲಿ, ಹಗಲಿರುಳೆನ್ನದೆ ಸೊಪ್ಪು ಹಾಕುತ್ತಿರುವ ಮನೆಯವರನ್ನು ಹೊಲಿಗೆಗೆ ಕರೆಯುವುದೇ ಇಲ್ಲ. ನಿಮ್ಮ ಮನೆಯಲ್ಲೂ ಪರೀಕ್ಷೆಯೋ ಸುಗ್ಗಿಯೋ ಇದ್ದಾಗ ನಿಲ್ಲಿಸಿ, ಮುಗಿದ ಮೇಲೆ ಮುಂದುವರಿಸಿ. ದಿನಕ್ಕೆ ಮುಕ್ಕಾಲು ಗಂಟೆ, ಬೆಳಗಿನ ಬೆಳಕಿನಲ್ಲಿ, ಸಾಕು.

ಕೌದಿ ಮುಗಿದ ದಿನವೇ ಕಚ್ಚಾ ಹೊಲಿಗೆಯನ್ನು ತೆಗೆಸಿ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಸಿ, ಹಿಂಡದೆ, ಹಗ್ಗದ ಮೇಲೆ ಇಬ್ಬದಿಗೂ ಸಮನಾಗಿ ಹರಡಿ ನೆರಳಿನಲ್ಲಿ ಒಣಗಿಸಿ. ಹೊಸ ಬಟ್ಟೆಯ ತೇಪೆಯೇನಾದರೂ ಸೇರಿದ್ದರೆ, ಅದರಲ್ಲೂ ಕೆಂಪು ಬಣ್ಣದ್ದಾದರೆ, ಹೊಲಿಯುವ ಮೊದಲೇ ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಂಡಿರಬೇಕು.