ಟ್ಯೂಬ್ ಹಾಕಿ ಹೊಟ್ಟೆ ಇಳಿದ ಮೇಲೂ ಆಪರೇಷನ್ ಬೇಕಾ?

ನಿಮ್ಮ ತಂದೆಯವರಿಗೆ 72 ವರ್ಷ, ದೊಡ್ಡ ಕರುಳು ತಿರುಚಿಕೊಂಡಿತ್ತು, ಗುದದ್ವಾರದ ಮೂಲಕ ಟ್ಯೂಬ್ ಹಾಕಿದ ಮೇಲೆ ಆರಾಮಾಗಿದ್ದಾರೆ, ಆಪರೇಷನ್ ಬೇಡವೆಂದು ಮನೆಗೆ ಕರೆದೊಯ್ಯಬಹುದಾ ಅಂತ ಕೇಳಿದ್ದೀರಿ. ನಾನು ಸರ್ಜನ್. ದಯವಿಟ್ಟು ಈಗಲೇ ಡಿಸ್ಚಾರ್ಜ್ ಕೇಳಬೇಡಿ.

ದೊಡ್ಡ ಕರುಳಿನ ಕೊನೆಯ ತಿರುವಿಗೆ ಸಿಗ್ಮಾಯ್ಡ್ ಅನ್ನುತ್ತೇವೆ. ಕೆಲವರಲ್ಲಿ ಅದು ವಿಪರೀತ ಉದ್ದ, ಆದರೆ ಅದನ್ನು ಹಿಡಿದಿಟ್ಟಿರುವ ಪೊರೆಯ ಬುಡ ಮಾತ್ರ ಕಿರಿದು. ಹಾಗಾಗಿ ಕರುಳು ಬುಡದಲ್ಲೇ ಸುತ್ತಿಕೊಳ್ಳುತ್ತದೆ. ವಯಸ್ಸಾದವರಲ್ಲಿ, ವರ್ಷಗಟ್ಟಲೆ ಮಲಬದ್ಧತೆ ಇದ್ದವರಲ್ಲಿ ಇದು ಹೆಚ್ಚು. ಮಲವೂ ಇಲ್ಲ, ಗಾಳಿಯೂ ಇಲ್ಲ, ಹೊಟ್ಟೆ ಮಾತ್ರ ಊದುತ್ತಾ ಹೋಗುತ್ತದೆ. ವಾಂತಿ ಶುರುವಾಗುವುದು ತಡವಾಗಿ, ಅದಕ್ಕೇ ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ಕುಡಿಸಲೇಬಾರದು. ಎಕ್ಸ್‌ರೇಯಲ್ಲಿ ಉಬ್ಬಿದ ಕರುಳು ಕಾಫಿ ಬೀಜದ ಆಕಾರದಲ್ಲಿ ಕಾಣುತ್ತದೆ. ಅನುಮಾನವಿದ್ದರೆ ಸಿಟಿ ಸ್ಕ್ಯಾನ್.

ಟ್ಯೂಬ್ ಆ ತಿರುಚು ದಾಟಿದ ಕ್ಷಣ ಗಾಳಿ, ನೀರುಮಲ ರಭಸದಿಂದ ನುಗ್ಗಿ ಬರುತ್ತವೆ, ಹೊಟ್ಟೆ ಕಣ್ಣೆದುರೇ ಇಳಿಯುತ್ತದೆ. ಅದನ್ನು ನೋಡಿದ ಮನೆಯವರಿಗೆ ಕಾಯಿಲೆಯೇ ಹೋಯಿತು ಅನ್ನಿಸುವುದು ಸಹಜ. ಆದರೆ ಕರುಳಿನ ಉದ್ದ ಅಷ್ಟೇ ಇದೆ, ಪೊರೆಯ ಬುಡವೂ ಅಷ್ಟೇ ಕಿರಿದಾಗಿದೆ. ಆಪರೇಷನ್ ಮಾಡಿಸಿಕೊಳ್ಳದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ, ಕೆಲವೊಮ್ಮೆ ಅದಕ್ಕೂ ಹೆಚ್ಚಿನವರಿಗೆ, ಮತ್ತೆ ತಿರುಚಿಕೊಳ್ಳುತ್ತದೆ.

ಮುಂದಿನ ಸಲ ಆಸ್ಪತ್ರೆ ತಲುಪುವುದು ತಡವಾಗಿ ರಕ್ತ ಸಂಚಾರ ನಿಂತರೆ ಕರುಳು ಕಪ್ಪಾಗಿ ಕೊಳೆಯುತ್ತದೆ. ಆಗ ಮಧ್ಯರಾತ್ರಿಯಾದರೂ ಹೊಟ್ಟೆ ತೆರೆಯಲೇಬೇಕು, ಜೀವಕ್ಕೆ ಅಪಾಯ ಹಲವು ಪಟ್ಟು ಹೆಚ್ಚು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಹಾಕುವ ಸಾಧ್ಯತೆಯೂ ಹೆಚ್ಚು. ಈಗ ತಯಾರಿ ಮಾಡಿಕೊಂಡು ಮಾಡಿದರೆ, ಆ ಉದ್ದದ ಭಾಗ ತೆಗೆದು ಎರಡು ತುದಿಗಳನ್ನು ಸಾಮಾನ್ಯವಾಗಿ ಅಲ್ಲೇ ಜೋಡಿಸಬಹುದು. ಇದೇ ಅಡ್ಮಿಷನ್‌ನಲ್ಲಿ ಮಾಡಿಸಿ ಅಂತ ಡಾಕ್ಟರು ಹೇಳುವುದು ಇದಕ್ಕೇ.

ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಆಗಿದೆಯಾ ಕೇಳಿ. ದೊಡ್ಡವರಲ್ಲಿ ದೊಡ್ಡ ಕರುಳು ಕಟ್ಟಿಕೊಳ್ಳಲು ಕ್ಯಾನ್ಸರ್ ಬಹು ಮುಖ್ಯ ಕಾರಣ, ಒಳಗೆ ಬೇರೇನೂ ಇಲ್ಲವೆಂದು ಖಾತ್ರಿಯಾಗಬೇಕು. ಅರಿವಳಿಕೆ ತಜ್ಞರ ಹತ್ತಿರ ತಂದೆಯವರ ಹೃದಯ, ಶ್ವಾಸಕೋಶ, ಸಕ್ಕರೆ ಬಗ್ಗೆ ಬಿಡಿಸಿ ಮಾತಾಡಿ. ಹೃದಯ ತೀರಾ ದುರ್ಬಲವಿದ್ದರೆ ಲೆಕ್ಕಾಚಾರ ಬೇರೆಯಾಗುತ್ತದೆ, ಬರೀ ವಯಸ್ಸಿನ ಕಾರಣಕ್ಕೆ ಮಾತ್ರ ಬೇಡ ಅನ್ನಬೇಡಿ.

ಟ್ಯೂಬ್ ಇರುವಾಗಲೇ ಜ್ವರ ಬಂದರೆ, ಬಿಟ್ಟುಬಿಡದ ನೋವು ಶುರುವಾದರೆ, ಟ್ಯೂಬ್‌ನಲ್ಲಿ ರಕ್ತ ಕಂಡರೆ ರೌಂಡ್ಸ್‌ಗೆ ಕಾಯದೆ ತಕ್ಷಣ ನರ್ಸ್‌ಗೆ ಹೇಳಿ.